ರಂಜಕ ತಿಂದ ಫಂಡ್ ಮ್ಯಾನೇಜರ್

ನಾನು ಬನಹಟ್ಟಿಯಲ್ಲಿ ಮ್ಯೂಚುವಲ್ ಫಂಡ್ ಮಾಡಿಸಿಕೊಡುವವನು. ಜನರ ದುಡ್ಡು ಒಟ್ಟುಗೂಡಿಸಿ ಷೇರು ಕೊಳ್ಳುವವನು, ಮಾರುವವನು ಮುಂಬೈಯ ಮ್ಯಾನೇಜರ್. ಬೈಗುಳ ಮಾತ್ರ ಇಲ್ಲಿ ನನಗೆ. ನಮ್ಮ ಕಡೆಯವರು ಕಾಗದ ಓದುವುದಿಲ್ಲ, ಮನುಷ್ಯನನ್ನು ಓದುತ್ತಾರೆ. ಹಾಗಾಗಿ ವಾರಕ್ಕೊಂದಾದರೂ ಪ್ರಸಂಗ ಆಗದಿದ್ದರೆ ನನಗೆ ಉಂಡ ರೊಟ್ಟಿ ಅರಗುವುದಿಲ್ಲ!

ಹಣೆಯ ಗೆರೆ

ನಮ್ಮ ಓಣಿಯಲ್ಲಿ ನೂಲಿನ ಸಾವುಕಾರರೊಬ್ಬರಿದ್ದಾರೆ. ಅವರು ದುಡ್ಡು ಹಾಕಿದಲ್ಲಿ ಇಡೀ ಓಣಿ ಹಾಕುತ್ತದೆ. ಅವರು ತೆಗೆದರೆ ಓಣಿಯೂ ತೆಗೆಯುತ್ತದೆ, ನಾನು ಅಂಗಡಿ ಮುಚ್ಚಬೇಕಾಗುತ್ತದೆ. ಫಂಡು ಇಳಿಯತೊಡಗಿದ್ದೇ ತಡ, ಅವರು ಬಂದು ಕೂತರು.

“ನಮ್ಮ ರೊಕ್ಕ ಆಡಸಾಂವನ ಮಾರಿ ತೋರಸು.”

ಮೊಬೈಲಿನಲ್ಲಿ ಮ್ಯಾನೇಜರನ ಫೋಟೋ ತೋರಿಸಿದೆ. ಎರಡು ಬೆರಳಿನಿಂದ ಹಿಗ್ಗಿಸಿ, ಮಗಳಿಗೆ ವರ ನೋಡಿದ ಹಾಗೆ ನೋಡಿದರು.

“ಹಣಿ ಮ್ಯಾಲ ಒಂದ ಗೆರಿ ಇಲ್ಲಲೋ! ಇಂವಾ ಪೆಟ್ಟ ತಿಂದಾಂವ ಅಲ್ಲ. ಇಂಥಾವನ ಕೈಯಾಗ ರೊಕ್ಕ ಕೊಟ್ಟರ ಪೆಟ್ಟ ನಮಗ ಬೀಳತೈತಿ. ನಾ ತಗೀತೀನಿ.”

“ಸಾವುಕಾರ್ರ, ಫೋಟೋ ತಗದಾಂವ ಗೆರಿ ಒರಸಿರ್ತಾನ್ರಿ!”

“ಹಂಗಾರ ಲಾಭದ ಲೆಕ್ಕಾನೂ ಆ ಫೋಟೋದಾಂವನ ಕಡೇನ ಮಾಡಿಸ್ಯಾರೇನ?”

ಅದೇ ಮ್ಯಾನೇಜರ್ ಮುಂದಿನ ವಾರ ಜಮಖಂಡಿಗೆ ಹೂಡಿಕೆದಾರರ ಸಭೆಗೆ ಬರುತ್ತಾನೆ, ಕಣ್ಣಾರೆ ನೋಡಿ ತೀರ್ಮಾನಿಸಿ ಎಂದು ಕೈಮುಗಿದೆ. ಒಪ್ಪಿದರು. ನನಗೆ ಒಂದು ವಾರದ ಜೀವದಾನ!

ಮೊಲದ ಹಿಂದೆ

ಆ ವಾರವೇ ಮುಧೋಳಕ್ಕೆ ಹೋಗಿದ್ದೆ. ಅಲ್ಲಿ ನಾಯಿ ಸಾಕುವವರೊಬ್ಬರು ನನ್ನ ಗಿರಾಕಿ. ಅವರ ಫಂಡಿನ ಮ್ಯಾನೇಜರ್ ಬೇರೆಯವನು. ತಿಂಗಳು ತಿಂಗಳು ಷೇರು ಬದಲಿಸುತ್ತಾನೆ, ಪ್ರತಿ ಸಲವೂ ದಲ್ಲಾಳಿ ಖರ್ಚು ಬೀಳುತ್ತದೆ, ಲಾಭ ಮಾತ್ರ ಇದ್ದಲ್ಲೇ ಇದೆ. ನಾನು ಉತ್ಸಾಹದಿಂದ, “ಭಾಳ ಚುರುಕ ಮನಷ್ಯಾರಿ, ಕುಂತಲ್ಲಿ ಕುಂದ್ರೂದಿಲ್ಲ” ಎಂದೆ.

ಕಾಲ ಬಳಿ ಮಲಗಿದ್ದ ನಾಯಿಯ ಬೆನ್ನು ಸವರುತ್ತಾ ಅವರು ಹೇಳಿದರು: “ಕಂಡ ಕಂಡ ಮೊಲದ ಹಿಂದ ಓಡಿ ಒಂದೂ ಹಿಡೀದ ನಾಯಿಗೆ ನಾವು ರೊಟ್ಟಿ ಕಡಿಮಿ ಮಾಡ್ತೀವಿ. ಇವಂಗ ಪಗಾರ ಕಡಿಮಿ ಮಾಡ್ಯಾರೇನ್ರಿ?”

ಬದನೆಕಾಯಿ

ಮರುದಿನ ಬೀಳಗಿಯಿಂದ ಫೋನು. ಶಾಲೆಯ ಬಾಯಾರು, ಅಂದರೆ ಮೇಡಮ್ಮು. ಅವರ ದುಡ್ಡೂ ಸಾವುಕಾರರ ಫಂಡಿನಲ್ಲೇ.

“ಮಾರ್ಕೆಟ್ ಏರೇತಿ, ನಮ್ಮ ಫಂಡ್ ಯಾಕ ಇಳದೈತ್ರಿ? ಆ ಮ್ಯಾನೇಜರ್ ಮನಿಯಾಗ ಏನರ ಜಗಳ ಆಗೇತೇನು?”

“ನನಗ ಹೆಂಗ ಗೊತ್ತಾಗಬೇಕ್ರಿ ಬಾಯಾರ?”

“ನಮ್ಮ ಮನಿಯವರು ನನ್ನ ಜೋಡಿ ಜಗಳಾಡಿ ಸಂತಿಗೆ ಹೋದ ದಿನ ಹುಳಕ ಬದನಿಕಾಯಿನ ತರ್ತಾರ. ಸಿಟ್ಟಿನ್ಯಾಗ ಆರಿಸಿದ್ದು ಎಂದೂ ಛಲೋ ಇರೂದಿಲ್ಲ. ಆ ಮ್ಯಾನೇಜರನ ಹೆಂಡ್ತಿ ನಂಬರ್ ಕೊಡ್ರಿ, ನಾನ ಸಮಾಧಾನ ಮಾಡ್ತೀನಿ!”

ರಂಜಕ

ಅಂತೂ ಜಮಖಂಡಿಯ ಸಭೆಯ ದಿನ ಬಂತು. ಬೆಳಿಗ್ಗೆಯಿಂದ ನನ್ನ ಎದೆ ಮಗ್ಗದ ಹಾಗೆ ಬಡಿಯುತ್ತಿತ್ತು. ಮ್ಯಾನೇಜರ್ ಮೂಲತಃ ಮೈಸೂರು ಕಡೆಯವನು, ಕನ್ನಡದಲ್ಲೇ ಭಾಷಣ ಬಿಗಿದ: “ಎಲ್ಲರೂ ಓಡಿದ ಕಡೆ ಓಡುವವನು ನಾನಲ್ಲ. ನಾನೇ ಪರೀಕ್ಷೆ ಮಾಡದೆ ಏನನ್ನೂ ಮುಟ್ಟುವುದಿಲ್ಲ!” ಚಪ್ಪಾಳೆಯೋ ಚಪ್ಪಾಳೆ. ಸಾವುಕಾರರು ಮಾತ್ರ ಕೈ ಕಟ್ಟಿ ಕೂತಿದ್ದರು.

ಊಟಕ್ಕೆ ಇಬ್ಬರನ್ನೂ ಎದುರುಬದುರು ಕೂಡಿಸಿದೆ. ಬಡಿಸುವವನು ಸಾವುಕಾರರ ತಾಟಿನ ಅಂಚಿಗೆ ರಂಜಕ ಹಾಕಿದ. ಕೆಂಪು ಹಸಿಮೆಣಸಿನಕಾಯಿ ರುಬ್ಬಿ ಮಾಡಿದ್ದು, ನೋಡಿದರೇ ಬೆವರಬೇಕು! ಮ್ಯಾನೇಜರ್ ಅದನ್ನು ನೋಡಿದ. “ನನಗೂ ಹಾಕಿ, ಎರಡು ಚಮಚ” ಎಂದ. ರೊಟ್ಟಿಯಲ್ಲಿ ಸುತ್ತಿ ಬಾಯಿಗಿಟ್ಟ. ಅದನ್ನು ಕಂಡ ಸಾವುಕಾರರೂ ದೊಡ್ಡ ತುತ್ತು ಹಾಕಿಕೊಂಡರು.

ಮುಂದೆ ಕೇಳುತ್ತೀರಾ! ಒಬ್ಬರಿಗೆ ಬಿಕ್ಕಳಿಕೆ, ಇನ್ನೊಬ್ಬರಿಗೆ ಕೆಮ್ಮು. ಇಬ್ಬರ ಕಣ್ಣಲ್ಲೂ ಧಾರಾಕಾರ ನೀರು. ಒಂದೇ ಮೊಸರಿನ ಗಡಿಗೆಗೆ ನಾಲ್ಕು ಕೈ!

ಉಸಿರು ಬಂದ ಮೇಲೆ ಸಾವುಕಾರರು ಕೇಳಿದರು: “ರೂಢಿ ಇಲ್ಲದವ್ರು ಯಾಕ ತಿಂದ್ರಿ?”

“ನಿಮ್ಮ ತಾಟಿನಲ್ಲಿತ್ತಲ್ಲ, ತಿಳಿದವರು ಅಂತ ನಂಬಿದೆ.”

“ನನಗ ಡಾಕ್ಟರ್ ಖಾರ ಬಿಡಿಸಿ ಎರಡ ವರ್ಷ ಆತ್ರಿ! ಮುಂಬೈದಾಂವನ ತಿನ್ನಾಕತ್ತಾನಂದ್ರ ಇವತ್ತಿನದು ಸಪ್ಪಗಿರಬೇಕಂತ ನಾ ತಿಂದೆ!”

ನಾನು ಮೂಲೆಯಲ್ಲಿ ನಿಂತು ನನ್ನ ಅಂಗಡಿಗೆ ಮನಸ್ಸಿನಲ್ಲೇ ಬೀಗ ಹಾಕಿದೆ. ಭಾಷಣಕ್ಕೂ ಊಟಕ್ಕೂ ಇಷ್ಟು ಅಂತರ ಕಂಡ ಮೇಲೆ ಯಾರು ದುಡ್ಡು ಬಿಡುತ್ತಾರೆ?

ಮರುದಿನ ಬೆಳಿಗ್ಗೆ ಸಾವುಕಾರರ ಫೋನು. ದುಡ್ಡು ತೆಗೆಯುವ ಫಾರ್ಮು ಎದುರಿಗಿಟ್ಟುಕೊಂಡೇ ಎತ್ತಿದೆ.

“ರೊಕ್ಕ ತಗಿಯೂದ ಬ್ಯಾಡ. ಇರ್ಲಿ.”

ಕುಣಿಯುವುದೊಂದು ಬಾಕಿ! “ಯಾಕ್ರಿ ಸಾವುಕಾರ್ರ?”

“ಅಳಾಕತ್ತಾಗ ಅವನ ಹಣಿ ನೋಡಿದೇನ? ಗೆರಿ ಮೂಡ್ಯಾವ. ಮಂದೀನ ನೋಡಿ ತಿಂದ್ರ ಏನಾಕ್ಕೈತಿ ಅಂತ ಈಗ ಗೊತ್ತಾಗೈತಿ. ಬ್ಯಾರೆ ಫಂಡಿಗೆ ಹೋದರ ಅಲ್ಲಿಯವಂಗೂ ಮೊದಲಿಂದ ರಂಜಕ ತಿನ್ನಸಬೇಕು. ನನ್ನ ಹೊಟ್ಟಿ ಇನ್ನೊಮ್ಮೆ ತಾಳೂದಿಲ್ಲಪಾ!”