ಕೆಂಜಿಯ ಕೈಗೆ ಸಿಕ್ಕ ಬೋಗುಣಿ

ಪದಗಳನ್ನು ಕತ್ತರಿಸಿ ಅಭ್ಯಾಸವಾದವನು ಸಂಸಾರದಲ್ಲಿ ಸುಖವಾಗಿರಲಾರ. ಹುಬ್ಬಳ್ಳಿಯ ಪತ್ರಿಕಾ ಕಚೇರಿಯಲ್ಲಿ ಹದಿನೈದು ವರ್ಷ ಅದನ್ನೇ ಮಾಡಿದ ನಾನು, ಹೆಂಡತಿ ಸುಮಾಳ ಡಾಟ್‌ಕಾಮ್ ನೌಕರಿಯ ಬೆನ್ನು ಹತ್ತಿ ಅಮೆರಿಕದ ಮಿಲ್ಪಿಟಾಸ್‌ಗೆ ಬಂದ ಮೇಲೂ ಆ ಚಟ ಬಿಟ್ಟಿಲ್ಲ. ಒಮ್ಮೆ ರಂಗೋಲಿ ಸ್ಪರ್ಧೆಯ ಸುದ್ದಿಯಲ್ಲಿ ಸಮಾಧಾನಕರ ಬಹುಮಾನ ಪಡೆದವರ ಹೆಸರುಗಳನ್ನು ಸ್ಥಳ ಸಾಲದೆಂದು ತೆಗೆದುಹಾಕಿದ್ದೆ. ಅವುಗಳಲ್ಲಿ ನನ್ನ ಸೋದರತ್ತೆ ಗಂಗಾಬಾಯಿಯ ಹೆಸರೂ ಇತ್ತು. ಅತ್ತೆ ಇಂದಿಗೂ ಅದನ್ನು ಮರೆತಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಯಲ್ಲಿ ಕೆಂಜಿ ಎಂಬ ಜಪಾನಿ ತಾಳವಾದ್ಯಗಾರನಿದ್ದ. ಊರ ಗುಡಿಯಲ್ಲಿ ಡೋಲು ಬಾರಿಸಿ ಆರಂಭಿಸಿದವನು, ಟೋಕಿಯೋದಲ್ಲಿ ವಾದ್ಯವೃಂದ ಸೇರಿ, ಅದನ್ನೂ ಬಿಟ್ಟು ಸ್ವಂತ ಸಂಗೀತ ರಚಿಸಲು ಇಲ್ಲಿಗೆ ಬಂದಿದ್ದ. ಸದ್ಯಕ್ಕೆ ವೆಬ್‌ಸೈಟುಗಳಿಗೆ ಗಂಟೆಯ ಸದ್ದು ಮಾಡಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದ. ಇಂಥವನಿಗೆ ಸುಮಾ ಒಂದು ಭಾನುವಾರ ಸ್ಟೀಲಿನ ಬೋಗುಣಿ ತುಂಬ ಸಾರು ಕಳಿಸಿದಳು. ಸಾರು ಖಾಲಿಯಾಯಿತು, ಬೋಗುಣಿ ಬರಲಿಲ್ಲ. ಅದು ನಮ್ಮ ಮದುವೆಗೆ ಗಂಗತ್ತೆ ಕೊಟ್ಟದ್ದು.

ವಾಪಸ್ ಕೇಳಲು ಮೂರು ಸಲ ಹೋದೆ. ಮೂರು ಸಲವೂ ನನ್ನನ್ನು ಕೂರಿಸಿ, ಬೋಗುಣಿಗೆ ನೀರು ಹಾಕಿ, ಬಾರಿಸಿ ಕೇಳಿಸಿದ. "ಇಪ್ಪತ್ತು ವರ್ಷ ಹುಡುಕಿದ ನಾದ ಇದು," ಎಂದು ಕಣ್ಣು ಮುಚ್ಚಿದ. ಕಣ್ಣು ಮುಚ್ಚಿ ಕೂತವನ ಮುಂದಿನ ಪಾತ್ರೆ ಎತ್ತಿಕೊಂಡು ಬರುವುದು ಹೇಗೆ? ಮೂರನೆಯ ಸಲ, ಅಂಚಿನಲ್ಲಿ ಕೊರೆದ ಅಕ್ಷರಗಳು ಏನೆಂದು ಕೇಳಿದ. 'ಸೋದರತ್ತೆ ಗಂಗಾಬಾಯಿ ಇವರ ಪ್ರೀತಿಯ ಉಡುಗೊರೆ' ಎಂದು ಪೂರ್ತಿ ಓದಬೇಕಿತ್ತು. "ಗಂಗಾಬಾಯಿ," ಎಂದೆ. ಭಕ್ತಿಯಿಂದ ಬರೆದುಕೊಂಡ.

ಅಷ್ಟರಲ್ಲಿ ಊರಿನಿಂದ ಅತ್ತೆಯೇ ಬಂದರು. ಮರುದಿನವೇ ಅಡುಗೆಮನೆ ಶೋಧನೆ.

"ಸುಮಾ, ನನ್ನ ಬೋಗೋಣಿ ಎಲ್ಲದ?"

"ಇವರನ್ನ ಕೇಳ್ರಿ, ಅತ್ತಿ. ನನಗ ಮೀಟಿಂಗ್ ಅದ," ಎಂದು ಸುಮಾ ಕಾರು ಹತ್ತಿದಳು.

"ಪೇಪರನ್ಯಾಗ ನನ್ನ ಹೆಸರು ಹಾರಿಸಿದಿ. ಈಗ ಬೋಗೋಣಿನೂ ಹಾರಿಸಿದ್ಯಾ?"

ಶನಿವಾರದ ತನ್ನ ಸಂಗೀತ ಕಛೇರಿ ಮುಗಿದೊಡನೆ ಕೊಡುತ್ತೇನೆಂದು ಕೆಂಜಿ ಮಾತು ಕೊಟ್ಟ. ನಾವು ಮೂವರೂ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಒಂದು ಹಳೇ ಗೋದಾಮಿನಲ್ಲಿ ಕೂತೆವು. ವೇದಿಕೆಯ ನಡುವೆ ಬೋಗುಣಿ. ಅವನು ಕೋಲೆತ್ತಿದ. ಅತ್ತೆ ನನ್ನ ತೊಡೆ ಚಿವುಟಿದರು. "ತಳಾ ನೆಗ್ಗತದೋ!"

ಸುಮಾ ಕಾರ್ಯಕ್ರಮದ ಹಾಳೆಯನ್ನು ಅವರ ಕಿವಿಯಲ್ಲಿ ಓದಿದಳು: "ಮುಖ್ಯ ವಾದ್ಯ ತಯಾರಿಸಿದವರು, ಭಾರತದ ಗಂಗಾಬಾಯಿ." ವಾದ್ಯದ ಮೇಲೆ ಹೆಸರಿದ್ದರೆ ಅದು ಮಾಡಿದವರದೇ ಎಂದು ಕೆಂಜಿ ತಿಳಿದಿದ್ದ. ಅತ್ತೆಯ ಚಿವುಟು ಸಡಿಲಾಯಿತು. ಕೊನೆಯಲ್ಲಿ ಅವನು ಸೊಂಟ ಬಗ್ಗಿಸಿ ನಮಸ್ಕರಿಸಿ ಬೋಗುಣಿಯನ್ನು ಅತ್ತೆಯ ಮುಂದೆ ಹಿಡಿದರೆ, "ಇರ್ಲಿ ಬಿಡಪಾ, ನಿನ್ನ ಕಡೇನ ಇರ್ಲಿ," ಎಂದರು!

ತಪ್ಪು ಅಚ್ಚಾಗಿದೆ, ತಿದ್ದುವುದು ನನ್ನ ಧರ್ಮ. ಜೇಬು ತಡಕಿದೆ. ಪೆನ್ನು ಆಗಲೇ ಅತ್ತೆಯ ಕೈ ಸೇರಿತ್ತು. ಗಂಗಾಬಾಯಿ ಇವರೇ ಎಂದು ತಿಳಿದು ಸಾಲುಗಟ್ಟಿದ ಅಮೆರಿಕನ್ನರ ಹಾಳೆಗಳ ಮೇಲೆ ಅವರು ಪೂರ್ತಿ ಹೆಸರು, ಓಣಿ, ಊರು ಸಹಿತ ಕನ್ನಡದಲ್ಲಿ ಸಹಿ ಮಾಡುತ್ತಿದ್ದರು. ಸ್ಥಳ ಸಾಲದಾದಾಗ ಹಾಳೆ ತಿರುಗಿಸಿ ಹಿಡಿಯುವ ಕೆಲಸ ನನ್ನದು.