ನೀಲಿ ರಿಬ್ಬನ್ ಮತ್ತು ಫಲಿತಾಂಶದ ಸಾಲು

ಸಾಲಿನಲ್ಲಿ ನಿಲ್ಲುವ ವಿದ್ಯೆ ನನಗೆ ಕಾನ್ವೆಂಟಿನಲ್ಲಿ ಬಂದದ್ದು. ನೀರಿನ ನಲ್ಲಿಯ ಮುಂದೆ ತುಟಿಯ ಮೇಲೆ ಬೆರಳಿಟ್ಟು ನಿಂತದ್ದಕ್ಕೆ ಸಿಸ್ಟರ್ ಒಮ್ಮೆ ನೀಲಿ ರಿಬ್ಬನ್ ಕೊಟ್ಟಿದ್ದರು. ಇವತ್ತಿಗೂ ಯಲಹಂಕದ ತರಕಾರಿ ಅಂಗಡಿಯಲ್ಲಿ ಯಾರಾದರೂ ನನ್ನ ಮುಂದೆ ನುಗ್ಗಿದರೆ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಮನಸ್ಸಿನಲ್ಲೇ ಅವರ ರಿಬ್ಬನ್ ಕಿತ್ತುಕೊಳ್ಳುತ್ತೇನೆ.

ನಮ್ಮ ಯಜಮಾನರು ಒಂದು ವಿಶ್ವವಿದ್ಯಾಲಯದ ವೆಬ್‌ಸೈಟ್ ನೋಡಿಕೊಳ್ಳುವವರು. ಹಿಂದಿನ ಸಲ ಫಲಿತಾಂಶದ ದಿನ ಮಕ್ಕಳೆಲ್ಲ ಒಟ್ಟಿಗೆ ನುಗ್ಗಿ ಅದು ಮಕಾಡೆ ಮಲಗಿತ್ತು. ಅಲ್ಲಿಂದ ಅವರಿಗೆ ಅದೇ ಧ್ಯಾನ. ಈ ಸಲ ಅಂಕಪಟ್ಟಿಗಳನ್ನೆಲ್ಲ ಮೊದಲೇ ಸಿದ್ಧಮಾಡಿಟ್ಟರು. ನೆಂಟರು ಬಂದು ಕೂತಮೇಲೆ ಬೇಳೆ ಬೇಯಿಸುವ ಬದಲು ಬೆಳಿಗ್ಗೆಯೇ ಹುಳಿ ಮಾಡಿಟ್ಟ ಹಾಗೆ ಎಂದು ನಾನು ಅರ್ಥಮಾಡಿಕೊಂಡೆ. ಜೊತೆಗೆ, ವೆಬ್‌ಸೈಟಿಗೆ ಬಂದವರಿಗೆಲ್ಲ ಒಂದು ಸಾಲು. "ರಿಜಿಸ್ಟರ್ ನಂಬರ್ ಹಾಕಿ ಸುಮ್ನೆ ಕಾದ್ರೆ ಬರತ್ತೆ. ಮತ್ತೆ ಒತ್ತಿದ್ರೆ ಆ ನಂಬರ್ ಸಾಲಿನ ಕೊನೆಗೆ ಹೋಗತ್ತೆ ಕಣೇ," ಎಂದು ದೋಸೆ ಮುರಿಯುತ್ತಾ ಹೇಳಿದ್ದರು. ನಾನು ತಲೆಯಾಡಿಸುತ್ತಾ ಚಟ್ನಿ ಬಡಿಸಿದ್ದೆ.

ಫಲಿತಾಂಶದ ದಿನ ಹತ್ತೂವರೆಗೆ ಎದುರುಮನೆಯ ಗಿರಿಜಮ್ಮ ಮಗಳು ಸೌಮ್ಯಳನ್ನು ಕರೆದುಕೊಂಡು ಬಂದರು. ಧಾರವಾಡದ ಕಡೆಯವರು. ಹನ್ನೆರಡರೊಳಗೆ ಅಂಕಪಟ್ಟಿ ಕಳಿಸದಿದ್ದರೆ ಹುಡುಗಿಯ ಎಂ.ಎಸ್ಸಿ. ಸೀಟು ಬೇರೆಯವರ ಪಾಲು.

"ಏನ್ರೀ ಅಕ್ಕಾರ, ನಿಮ್ಮ ಯಜಮಾನ್ರು ಕಟ್ಟಿದ್ದು ಬರೇ ಗರಗರ ತಿರಗಾಕತ್ತೈತಿ."

"ತಾಳಿ, ನಾನೂ ನೋಡ್ತೀನಿ," ಎಂದು ಸೌಮ್ಯಳ ನಂಬರನ್ನು ನನ್ನ ಫೋನಿನಲ್ಲೂ ಹಾಕಿದೆ. ಅವಳು ತನ್ನ ಫೋನನ್ನು ಮಡಿಲಲ್ಲಿಟ್ಟುಕೊಂಡು, ದುಪಟ್ಟಾದ ದಾರವನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಇಷ್ಟು ಸುಮ್ಮನಿದ್ದರೆ ಆಗುತ್ತದೆಯೇ ಎಂದು ಅವಳ ಪರವಾಗಿ ನಾನೇ ಒತ್ತಿದೆ. ಮತ್ತೆ ಒತ್ತಿದೆ. ಆಮೇಲೆ ಕುಕ್ಕರ್ ಕೂಗಿದಾಗಲೆಲ್ಲ ಒಂದೊಂದು ಸಲ.

ಹನ್ನೊಂದೂವರೆಗೆ ಯಜಮಾನರಿಗೆ ಫೋನ್ ಮಾಡಿದೆ. "ರೀ, ನಿಮ್ದು ಮತ್ತೆ ಮಲಗಿದೆ."

"ಎಲ್ಲರಿಗೂ ಬರ್ತಿದೆಯಲ್ಲೇ. ನಂಬರ್ ಹೇಳು." ಹೇಳಿದೆ. ಆ ಕಡೆ ಕೀಬೋರ್ಡ್ ಟಕಟಕ ಅಂದಿತು. "ಈ ಹುಡುಗಿ ನಂಬರು ಇನ್ನೇನು ಬಂತು ಅನ್ನೋಷ್ಟರಲ್ಲಿ, ಯಾರೋ ಇನ್ನೊಂದು ಫೋನಿಂದ ಒತ್ತಿ ಹಿಂದಕ್ಕೆ ಕಳಿಸ್ತಿದಾರೆ. ಯಾರದು?"

"ಯಾರೋ ಏನೋ," ಎಂದು ಫೋನನ್ನು ಅಕ್ಕಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಸೌಮ್ಯಳ ಮಡಿಲಲ್ಲಿ ಅಂಕಪಟ್ಟಿ ತೆರೆದುಕೊಂಡಿತು. ಕಳಿಸಿದಳು. ಗಿರಿಜಮ್ಮ ನನ್ನ ಎರಡೂ ಕೈ ಹಿಡಿದು, "ನೀವಿದ್ರಿ ಅಂತ ಆತ್ ನೋಡ್ರಿ," ಎಂದರು. ಒತ್ತಿದ ಬೆರಳೂ ಅವರ ಅಂಗೈಯೊಳಗೇ ಇತ್ತು.

ಸಂಜೆ ಯಜಮಾನರು ಶೂ ಬಿಚ್ಚುತ್ತಾ, "ಆ ಇನ್ನೊಂದು ಫೋನು ನಮ್ಮನೆ ವೈಫೈನಲ್ಲೇ ಇತ್ತು," ಎಂದಷ್ಟೇ ಹೇಳಿದರು. ನಾನು ಬಹಳ ವರ್ಷಗಳ ಮೇಲೆ ತುಟಿಗೆ ಬೆರಳಿಟ್ಟುಕೊಂಡು ನಿಂತೆ. ರಿಬ್ಬನ್ ಇನ್ನೂ ಬೀರುವಿನಲ್ಲಿದೆ. ಸಿಸ್ಟರ್ ಬಂದು ಕೇಳಿದರೆ ಕೊಟ್ಟುಬಿಡುತ್ತೇನೆ.