ತಲೆಕೆಳಗಾದ ಪ್ರೋಟೀನು

ಜೀವಕೋಶದ ಪೊರೆಯಲ್ಲಿ ಕೂತಿರುವ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ಅಧ್ಯಯನ ಮಾಡುವುದು ನನ್ನ ಕಸುಬು. ಮೈಸೂರಿನ ಪ್ರಯೋಗಾಲಯದಲ್ಲಿ ಎರಡು ವರ್ಷ ಒಂದೇ ಪ್ರೋಟೀನಿನ ಬೆನ್ನು ಹತ್ತಿ, ಕೊನೆಗೂ ಪ್ರಬಂಧವನ್ನು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದ್ದೆ. ಆ ಸಂತೋಷದಲ್ಲಿ ಹೆಂಡತಿ ಸುಧಾಳ ಜೊತೆ ಪಿರಿಯಾಪಟ್ಟಣದ ಹತ್ತಿರದ ಅಣ್ಣನ ಮನೆಗೆ ಹೋದೆ. ನಾನು ಹೇಳಿದ್ದನ್ನೆಲ್ಲ ಬಾಯಿ ತೆರೆದು ಕೇಳುವವರು ಅಲ್ಲಿ ಮಾತ್ರ ಸಿಗುತ್ತಾರೆಂದು ನಂಬಿದ್ದೆ.

ಜಯಕ್ಕ ಅತ್ತಿಗೆ ಜಗಲಿಯಲ್ಲಿ ಕೂತು, ಹೊಗೆಸೊಪ್ಪಿಗೆ ಔಷಧಿ ಹೊಡೆಯುವ ಕ್ಯಾನಿಗೆ ಆಲಿಕೆ ಇಟ್ಟು ನೀರು ತುಂಬುತ್ತಿದ್ದರು.

"ಅದೇನೋ ಬರ್ದಿದ್ದೀಯಂತಲ್ಲಪ್ಪ, ನಮ್ಗೂ ವಸಿ ಹೇಳು," ಎಂದರು.

ಕೇಳಬಾರದಿತ್ತು. ನಾನು ಲ್ಯಾಪ್‌ಟಾಪ್ ತೆರೆದೇಬಿಟ್ಟೆ.

"ಕೋಶ ಅಂದ್ರೆ ಮನೆ, ಪೊರೆ ಅಂದ್ರೆ ಗೋಡೆ. ಈ ಪ್ರೋಟೀನು ಹೊರಗಿನ ಆಹಾರಾನ ಒಳಕ್ಕೆ ಬಿಡುತ್ತೆ, ಅತ್ತಿಗೆ."

"ಚಿತ್ರದಾಗೆ ವರಗ್ಡೆ ಯಾವ್ದು?"

"ಮೇಲಿರೋದು."

"ಅಂದ್ರೆ ಮೇಲಿಂದ ಕೆಳಕ್ಕೆ ಬತ್ತದೆ. ಅಂಗಾದ್ರೆ ಇದರ ಅಗಲದ ಬಾಯಿ ಯಾಕಪ್ಪ ಕೆಳಗದೆ?"

ನಾನು ಕರುಣೆಯಿಂದ ನಕ್ಕೆ. ಪ್ರಕೃತಿಯೆಂಬುದು ಔಷಧಿ ಕ್ಯಾನಿನ ಆಲಿಕೆಯಲ್ಲವೆಂದು ವಿವರಿಸಿದೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಚಿತ್ರ ಬರೆದೆ. ಅತ್ತಿಗೆ ಎಲ್ಲವನ್ನೂ ನೋಡಿ ಅದೇ ಪ್ರಶ್ನೆ ಕೇಳಿದರು.

"ರೀ, ಅವರು ಕೇಳಿದ್ದಕ್ಕೆ ಉತ್ತರ ಹೇಳಿ," ಎಂದಳು ಸುಧಾ.

ವಿಜ್ಞಾನದ ಮಾನ ಉಳಿಸಲೇಬೇಕಿತ್ತು. ನನ್ನ ಜೊತೆ ಸಂಶೋಧನೆ ಮಾಡುವ ವನಿತಾಳಿಗೆ ಫೋನ್ ಮಾಡಿ, ಎಲ್ಲರೂ ಕೇಳಲೆಂದು ಸ್ಪೀಕರ್ ಹಾಕಿದೆ.

"ವನಿತಾ, ನಮ್ಮ ಪ್ರೋಟೀನಿನ ದೊಡ್ಡ ಬಾಯಿ ಯಾವ ಕಡೆ ಇರಬೇಕು?"

"ಹೊರಗಡೆ ಸರ್."

"ನಮ್ಮ ಚಿತ್ರದಲ್ಲಿ?"

ಆ ಕಡೆಯಿಂದ ಕೀಲಿಮಣೆಯ ಟಕಟಕ ಕೇಳಿಸಿತು.

"ಒಳಗಡೆ ಸರ್. ನೀವು ಬೇಕಂತಲೇ ತಿರುಗಿಸಿದ್ದೀರಿ ಅಂದ್ಕೊಂಡೆ. ಹೊಸ ಸಿದ್ಧಾಂತ ಇರಬಹುದು ಅಂತ."

ಕಡತ ತೆರೆದು ನೋಡಿದೆ. 'ಒಳಗೆ' ಎಂದಿರಬೇಕಾದ ಕಡೆ 'ಹೊರಗೆ' ಎಂದು ನಾನೇ ತುಂಬಿದ್ದೆ. ಎರಡು ವರ್ಷದ ಲೆಕ್ಕಾಚಾರವೆಲ್ಲ ಶೀರ್ಷಾಸನದಲ್ಲಿತ್ತು! ಸಾಲದ್ದಕ್ಕೆ, ನನ್ನ ಫಲಿತಾಂಶ ಉಳಿದವರ ಫಲಿತಾಂಶಕ್ಕೆ ತದ್ವಿರುದ್ಧ ಬಂದಾಗ, ಜಗತ್ತಿನ ಉಳಿದ ವಿಜ್ಞಾನಿಗಳೆಲ್ಲ ಎಲ್ಲಿ ಎಡವಿದ್ದಾರೆಂದು ಪ್ರಬಂಧದಲ್ಲಿ ನಾಲ್ಕು ಪುಟ ಬುದ್ಧಿ ಬೇರೆ ಹೇಳಿದ್ದೆ.

"ಎರಡ್ ವರ್ಸ ಯಾರೂ ನೋಡ್ಲಿಲ್ವೇನ್ಲಾ?" ಎಂದ, ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಣ್ಣ.

ಅದೇ ಜಗಲಿಯಲ್ಲಿ ಕೂತು, ಪ್ರಬಂಧವನ್ನು ಹಿಂಪಡೆಯುತ್ತಿದ್ದೇನೆಂದು ಸಂಪಾದಕರಿಗೆ ಬರೆದೆ.

ವನಿತಾ ಮತ್ತು ನಾನು ಆರು ತಿಂಗಳು ಕೂತು ಎಲ್ಲವನ್ನೂ ಮತ್ತೆ ಮಾಡಿದೆವು. ಈ ಸಲ ಉತ್ತರ ಸರಿಯಾಗಿ ಬಂತು. ಉಳಿದವರು ಮೊದಲಿನಿಂದ ಹೇಳುತ್ತಿದ್ದುದೇ ಬಂತು.

ಅತ್ತಿಗೆಗೆ ಫೋನ್ ಮಾಡಿದೆ. "ಪ್ರಬಂಧದ ಕೊನೆಗೆ ಆಗಿದ್ದ ತಪ್ಪನ್ನೂ ಬರೆದು, ನಿಮ್ಮ ಹೆಸರು ಹಾಕಿ ಕೃತಜ್ಞತೆ ಹೇಳ್ತೀನಿ."

"ಬ್ಯಾಡ ಬುಡಪ್ಪ," ಎಂದರು ಅವರು. "ಓದ್ದೋರು, ಆ ತಪ್ಪು ಮಾಡ್ದೋಳು ನಾನೇ ಅನ್ಕೊಂಡಾರು."